ಮುದುಕನ ಹಾಡು ಎಂಟನೆಯದಾದ ದಿನ

ಮೊನ್ನೆ ಟಿವಿ ರಿಮೋಟಿನ ಮುಚ್ಚಳ ತೆಗೆದರೆ ಒಳಗೆ ಸೆಲ್ ಸೋರಿತ್ತು. ಹುಳಿಯೂ ತುಕ್ಕೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸವಕಲ್ಯಾಣದ ನಮ್ಮ ಮನೆಯ ಮಾಳಿಗೆ ಕಣ್ಣೆದುರು ಬಂದು ನಿಂತಿತು. ಆ ಮಾಳಿಗೆಯ ಮೋಟುಗೋಡೆಯ ಮೇಲೆ ನಾನು ದಿನಾ ಆರು ಸೆಲ್ಲುಗಳನ್ನು ಬಿಸಿಲಿಗೆ ಇಡುತ್ತಿದ್ದೆ. ಸತ್ತ ಸೆಲ್ಲನ್ನು ಬಿಸಿಲಿಗೆ ಕಾಯಿಸಿದರೆ ಇನ್ನೊಂದಿಷ್ಟು ಜೀವ ಬರುತ್ತದೆ ಎಂದು ನಂಬಿದ್ದ ಕಾಲ ಅದು. ನೀವೂ ಇಟ್ಟಿರುತ್ತೀರಿ. ಹೊಸ ಸೆಲ್ ಏನಿದ್ದರೂ ಅಪ್ಪನ ರೇಡಿಯೊಗೆ. ವಾರ್ತೆ ಕೇಳಿ ಕೇಳಿ ಅವು ಸೋತ ಮೇಲೆ ನಮ್ಮ ಪಾಲಿಗೆ ಬರುತ್ತಿದ್ದವು.

ನಮ್ಮ ಪಾಲು ಎಂದರೆ ನನ್ನದು ಮತ್ತು ಸುಲೋಚನಕ್ಕನದು. ಅಕ್ಕನಿಗೆ ಆಗ ಹದಿನೇಳು, ನನಗೆ ಹನ್ನೊಂದು. ಅವಳ ಎದೆಯ ಕವಾಟ ಕೆಟ್ಟಿದೆ ಎಂದು ಸೋಲಾಪುರದ ಡಾಕ್ಟರು ಹೇಳಿದ್ದರು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಬೆನ್ನಿಗೆ ಮೂರು ದಿಂಬು ಕೊಟ್ಟುಕೊಂಡು ಕೂತೇ ಇರುತ್ತಿದ್ದಳು. ಲಾರಿ ಓಡಿಸುತ್ತಿದ್ದ ಪಕ್ಕದ ಮನೆಯ ಮೆಹಬೂಬ್ ಚಾಚಾ ಒಮ್ಮೆ ಮುಂಬಯಿಯ ಹಳೆ ಬಜಾರಿನಿಂದ ಸೆಲ್ಲಿನ ರೆಕಾರ್ಡ್ ಪ್ಲೇಯರ್ ತಂದು ಅವಳ ಪಕ್ಕ ಇಟ್ಟರು. "ದಿನಾ ಗ್ವಾಡಿ ನೋಡ್ಕೋತ ಕುಂತಿರ್ತಾಳ ಬೇಟಿ, ಏನಾರ ಕೇಳ್ಲಿ," ಎಂದರು. ಅದರ ಜೊತೆ ಬಂದದ್ದು ಒಂದೇ ಒಂದು ರೆಕಾರ್ಡು, ಅದೂ ಇಂಗ್ಲಿಷಿನದು. ಹೊದಿಕೆಯ ಮೇಲೆ ನಾಲ್ಕು ಜನ ಬಿಳಿಯರು ಭುಜದ ತನಕ ಕೂದಲು ಬಿಟ್ಟುಕೊಂಡು ನಿಂತಿದ್ದರು. ಅವ್ವ ನೋಡಿದವಳೇ, "ಇವ್ರಿಗಿ ತಲಿ ಬಾಚೋರು ಯಾರೂ ಇಲ್ಲೇನು?" ಎಂದು ಮರುಗಿದ್ದಳು.

ಎಂಟು ಹಾಡು. ಒಂದರ ಮಾತೂ ನಮಗೆ ತಿಳಿಯದು, ಹಾಗಾಗಿ ಹೆಸರು ನಾವೇ ಇಟ್ಟೆವು: ಜಗಳದ ಹಾಡು, ನೀರಿನ ಹಾಡು, ಅತ್ತೆಯ ಹಾಡು. ಪ್ರತಿ ಭಾನುವಾರ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಗೆ ಒಂದರಿಂದ ಎಂಟರವರೆಗೆ ಅಂಕಿ ಹಾಕಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವುದು ನಮ್ಮ ದೊಡ್ಡ ಕೆಲಸ. ಕೆಳಗಿನವು ಅದಲು ಬದಲಾಗುತ್ತಿದ್ದವು, ಮೊದಲನೆಯದಕ್ಕೆ ಮಾತ್ರ ವರ್ಷವಿಡೀ ಜಗಳ. ನನ್ನದು ಕುದುರೆ ಹಾಡು, ಡ್ರಮ್ಮಿನ ಸದ್ದಿಗೆ ಕಾಲು ತಾನೇ ಕುಣಿಯುತ್ತಿತ್ತು. ಅಕ್ಕನದು ಎರಡನೆಯ ಬದಿಯ ಕೊನೆಯ ಹಾಡು. ಅಷ್ಟು ಹೊತ್ತಿಗೆ ಸೆಲ್ಲಿನ ತ್ರಾಣ ಮುಗಿದು ತಟ್ಟೆ ನಿಧಾನ ತಿರುಗುತ್ತಿತ್ತು. ಹಾಡುವವನ ದನಿ ದಪ್ಪವಾಗಿ, ಪದ ಪದಕ್ಕೂ ನಿಂತು ನಿಂತು, ಗುಡ್ಡ ಹತ್ತುವ ಮುದುಕನ ದನಿಯ ಹಾಗೆ ಕೇಳುತ್ತಿತ್ತು. ಅದು ಸೆಲ್ಲಿನ ಕರಾಮತ್ತು ಎಂದು ನಮಗೇನು ಗೊತ್ತು, ಅವನು ಮುದುಕನೇ ಎಂದುಕೊಂಡಿದ್ದೆವು. "ನನ್ನಂಗೇ ಉಸ್ರು ತಗೋತಾನ ನೋಡ ನೀಲಾ," ಎನ್ನುತ್ತಿದ್ದಳು ಅಕ್ಕ. "ಖರೆ, ಕೊನಿ ತನಕಾ ಬಿಡಾಂಗಿಲ್ಲ. ಮುಗ್ಸೇ ಮುಗಸ್ತಾನ." ಅವಳೇ ದೊಡ್ಡವಳು, ಮುದುಕನೇ ಪ್ರತಿ ವಾರ ಗೆಲ್ಲುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ಚಳಿಗಾಲ ಅಕ್ಕನ ಕಾಲು ಬಾತುಕೊಂಡವು, ಊಟ ಸೇರದಾಯಿತು. ಅಪ್ಪ ಔಷಧಿಗೆಂದು ಹುಮನಾಬಾದಿಗೆ ಹೊರಟಾಗ, "ಅಕ್ಕನ ಸಲುವಾಗಿ ಹೊಸ ಸೆಲ್ ತರ್ರಿ ಅಪ್ಪಾ," ಎಂದೆ. ಸುಳ್ಳು ಹೇಳಿದೆ. ನನ್ನ ಕುದುರೆ ಇನ್ನೂ ಜೋರಾಗಿ ಓಡಲಿ, ಈ ವಾರವಾದರೂ ಮುದುಕ ಸೋಲಲಿ ಎಂಬುದಷ್ಟೇ ನನಗೆ ಬೇಕಾಗಿತ್ತು. ಮರುದಿನ ಭಾನುವಾರ, ಚಹಾದ ಹೊತ್ತಿಗೆ ಅಪ್ಪನೇ ಕೈಯಾರೆ ಹೊಸವನ್ನು ಹಾಕಿ ಹಳೆಯವನ್ನು ಹಿತ್ತಲ ತಿಪ್ಪೆಗೆ ಎಸೆದರು. ಕುದುರೆ ಚಿಗರೆಯಂತೆ ಹಾರಿತು. ನಾನು ಚಪ್ಪಾಳೆ ತಟ್ಟಿದೆ. ಕೊನೆಗೆ ಅಕ್ಕನ ಹಾಡು ಬಂತು. ಯಾರೋ ಹುಡುಗ, ಗಟ್ಟಿ ಎದೆಯವನು, ಎಲ್ಲೂ ನಿಲ್ಲದೆ, ನಗುನಗುತ್ತಾ ಹಾಡಿ ಮುಗಿಸಿಬಿಟ್ಟ. ಮುಳ್ಳು ಕರಕರ ಎನ್ನುತ್ತಿದ್ದರೂ ಅಕ್ಕ ಅದನ್ನು ಎತ್ತಲಿಲ್ಲ.

"ಇಂವಾ ಯಾರು? ನಮ್ ಮುದುಕ ಎಲ್ಲಿ ಹೋದ?" ಎಂದಳು. ಅವಳು ಗೋಡೆಯ ಕಡೆ ಮುಖ ತಿರುಗಿಸಿ, "ಇದ್ನ ಎಂಟನೇದಕ್ಕ ಹಾಕು. ನಿಂದೇ ಒಂದನೇದು ಬರಿ," ಎಂದಳು.

ಪೆನ್ಸಿಲ್ ನನ್ನ ಕೈಯಲ್ಲೇ ಇತ್ತು. ಬರೆಯಲಾಗಲಿಲ್ಲ. ಹಿತ್ತಲಿಗೆ ಓಡಿ ತಿಪ್ಪೆಗೆ ಕೈ ಹಾಕಿ ಬೂದಿ, ಸಗಣಿ, ಸಿಪ್ಪೆಯನ್ನೆಲ್ಲ ಬಗೆದೆ. ಐದು ಬೇಗ ಸಿಕ್ಕವು, ಆರನೆಯದಕ್ಕೆ ಉಗುರು ಕಿತ್ತು ರಕ್ತ ಬಂತು. ಲಂಗದಲ್ಲಿ ಒರೆಸಿಕೊಂಡು ಮಾಳಿಗೆ ಹತ್ತಿದರೆ ಬಿಸಿಲು ಆಗಲೇ ಕೋಟೆಯ ಕಡೆ ಜಾರುತ್ತಿತ್ತು. ಮೋಟುಗೋಡೆಯ ಮೇಲೆ ಇಟ್ಟೆ, ಅಲ್ಲಿಗೆ ನೆರಳು ಬಂತು. ಮೂಲೆಗೆ ಇಟ್ಟೆ, ಅಲ್ಲಿಗೂ ಬಂತು. ಉಳಿದ ಒಂದು ಗೇಣು ಬಿಸಿಲಿನಲ್ಲಿ ಆರನ್ನೂ ಒತ್ತಿ ಹಿಡಿದು, "ಇನ್ನೊಂಚೂರು ನಿಂದ್ರಪ್ಪಾ, ನಿನ್ನ ಕಾಲಿಗಿ ಬೀಳ್ತೀನಿ," ಎಂದು ಸೂರ್ಯನಿಗೆ ಅಂಗಲಾಚಿದೆ. ಅವು ಇನ್ನೇನು ಕಾದವು ಎನ್ನುವಷ್ಟರಲ್ಲಿ ಕೆಳಗಿನಿಂದ ಅವ್ವನ ಚೀರಾಟ ಕೇಳಿಸಿತು. ಮೆಟ್ಟಿಲು ಇಳಿದು ಬಾಗಿಲಲ್ಲಿ ನಿಂತೆ. ದಿಂಬು ಮೂರೂ ಹಾಗೇ ಇದ್ದವು, ಅಕ್ಕ ಅವುಗಳಿಗೆ ಒರಗಿಯೇ ಇದ್ದಳು, ಉಸಿರಿರಲಿಲ್ಲ. ನನ್ನ ಕೈಯಲ್ಲಿ ಸೆಲ್ಲುಗಳು ಬೆಚ್ಚಗಿದ್ದವು.

ಆ ಮನೆ ಈಗಿಲ್ಲ, ಅಪ್ಪ ಅವ್ವ ಚಾಚಾ ಯಾರೂ ಇಲ್ಲ. ಆ ರೆಕಾರ್ಡಿನ ಎಂಟೂ ಹಾಡುಗಳನ್ನು ಮಗಳು ತನ್ನ ಫೋನಿನಲ್ಲಿ ಹುಡುಕಿ ಕೊಟ್ಟಳು. ಅಲ್ಲಿ ಎಲ್ಲೆಲ್ಲಿಯವರೋ ಅವಕ್ಕೆ ಕ್ರಮಾಂಕ ಕೊಟ್ಟಿದ್ದಾರೆ, ಹೆಚ್ಚಿನವರಿಗೆ ಆ ಕೊನೆಯ ಹಾಡು ಎಂಟನೆಯದೇ. ಅವರು ಕೇಳಿದ್ದು ಆ ಹುಡುಗನನ್ನು, ಮುದುಕನನ್ನು ಕೇಳಿದವರು ನಾವಿಬ್ಬರೇ. "ನಿನಗ್ಯಾವ್ದು ಮೊದ್ಲನೇದವ್ವಾ?" ಎಂದು ಮಗಳು ಕೇಳಿದಳು. ಟ್ರಂಕಿನಲ್ಲಿ ಉಳಿದಿರುವ ಆ ಭಾನುವಾರದ ಕ್ಯಾಲೆಂಡರ್ ಹಾಳೆಯಲ್ಲಿ ಅಂದು ಹಾಕಿದ ಅಂಕಿಗಳಷ್ಟೇ ಇವೆ, ಒಂದರಿಂದ ಎಂಟು, ಎದುರಿಗೆ ಏನೂ ಇಲ್ಲ. ರಿಮೋಟಿಗೆ ಹೊಸ ಸೆಲ್ ಹಾಕಿದೆ. ಸೋರಿದ ಎರಡನ್ನು ಒರೆಸಿ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿದ್ದೇನೆ.