ದವಡೆಯ ತುಂಡಿನ ತಿಮಿಂಗಿಲ

ಮಗಳು ಶಾಲೆಗೆಂದು ತಿಮಿಂಗಿಲದ ಚಿತ್ರ ಬರೆಯುತ್ತಿದ್ದಳು. ಎಂದೋ ಅಳಿದುಹೋದ ಜೀವಿ ಅದು. ಒಂದು ಕಾಲಕ್ಕೆ ಕಡಲಿದ್ದ ಹಿಮಾಲಯದ ತಪ್ಪಲಲ್ಲಿ ದವಡೆಯ ಒಂದು ತುಂಡು, ಅದರಲ್ಲಿ ಎರಡು ಹಲ್ಲು, ಅಷ್ಟೇ ಸಿಕ್ಕಿದ್ದು. ಉಳಿದ ಮೈಯನ್ನು ಬಲ್ಲವರು ಅಂದಾಜಿನಲ್ಲಿ ತುಂಬಿಕೊಂಡಿದ್ದರು. ಅವಳಿಗೆ ಅದನ್ನು ಬಿಡಿಸಿ ಹೇಳಿದವಳು ನಾನೇ.

ಶಹಾಪುರದ ನಮ್ಮ ಮನೆಗೆ ಅಂದು ನನ್ನ ಗಂಡನ ಅಣ್ಣ ಸುರಪುರದಿಂದ ಬಂದಿದ್ದರು. "ಎರಡ ಹಲ್ಲ ನೋಡಿ ಇಡೀ ಮೀನ ಕಂಡ್ಯಾ ತಂಗಿ? ಕಾನ್ವೆಂಟಿನ್ಯಾಗ ನಿನಗ ಇದನ್ನ ಕಲಿಸ್ಯಾರೇನು? ಮಗಳಿಗೂ ಹುಚ್ಚ ಹಿಡಸಾಕತ್ತಿ," ಎಂದು ನಕ್ಕರು. ಮಗಳು ಚಿತ್ರವನ್ನು ಮಡಚಿ ಚಾಪೆಯಡಿ ತಳ್ಳಿದಳು. ನಾನು ನಗುತ್ತಲೇ ಚಹಾ ಕೊಟ್ಟೆ, ಮನಸ್ಸಿನಲ್ಲಿ ಮಾತ್ರ ಆ ಮಾತನ್ನು ಬಿಡಲಿಲ್ಲ.

ನಮ್ಮಲ್ಲಿ ಗಂಡಸರು ಮೊದಲು ಉಣ್ಣುತ್ತಾರೆ. ಮಟನ್ ಮಾಡಿದ ದಿನ ನಮಗೆ ಉಳಿಯುವುದು ಎಲುಬು. ಮರುದಿನ ಭಾನುವಾರ ಮಗಳಿಗೂ ನನಗೂ ಖಂಡವನ್ನು ಮೊದಲೇ ತೆಗೆದಿಟ್ಟೆ. ಭಾವನವರ ತಾಟಿನಲ್ಲಿ ರೊಟ್ಟಿ, ಸಾರು, ಒಂದು ಬೋಳು ಎಲುಬು.

"ಖಂಡ ಎಲ್ಲೈತಿ?"

"ಎಲುಬ ನೋಡಿ ಕುರಿ ತಿಳ್ಕೊಳ್ರಿ, ಭಾವಾರ. ಈ ಮನ್ಯಾಗ ನಾವು ಇಷ್ಟು ವರ್ಷ ಹಂಗ ತಿಳ್ಕೊಂಡೀವ್ರಿ."

ನನ್ನ ಗಂಡ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು. ಭಾವನವರು ಬರೀ ಸಾರಿನಲ್ಲಿ ರೊಟ್ಟಿ ಅದ್ದಿ ಉಂಡು ಎದ್ದರು. ಮೀಸೆಗೆ ಸಾರು ಹತ್ತಿತ್ತು. ಹಾಗೆಯೇ ಬಸ್ಸಿಗೆ ಹೊರಟರು, ನಾನು ಹೇಳಲಿಲ್ಲ.