ಬೆರಳಿಗೆ ಸಿಗುವ ಗೀರು

ಚನ್ನಪಟ್ಟಣದ ಬೊಂಬೆ ಶೆಡ್ಡಿನಲ್ಲಿ ಲೇಥ್‌ಗಳು ಇನ್ನೂ ಸದ್ದು ಶುರುಮಾಡಿಲ್ಲ. ಬೈರಾಪಟ್ಟಣದಿಂದ ಮೊದಲ ಬಸ್ಸಿಗೆ ಬಂದ ಲತಾಮಣಿ ಕಿಟಕಿಯ ಬುಡದಲ್ಲಿ ಕುಳಿತು, ಕಣ್ಣು ಮುಚ್ಚಿ, ಮರದ ಬಿಲ್ಲೆಯೊಂದರ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಬೆರಳು ಥಟ್ಟನೆ ನಿಲ್ಲುತ್ತದೆ. ಇನ್ನೊಂದು ಬಿಲ್ಲೆ ಎತ್ತಿಕೊಳ್ಳುತ್ತಾರೆ. ಅದೂ ಹಾಗೆಯೇ.

ಇಲ್ಲಿ ಹೆಚ್ಚಿನದೆಲ್ಲ ತಿರುಗಿ ತಿರುಗಿ ದುಂಡಗಾಗುವಂಥದ್ದು: ಬುಗುರಿ, ಗಿಲಕಿ, ಬಳೆ. ಲತಾಮಣಿಯದು ಮಾತ್ರ ಮೂಲೆಗಳಿರುವ ಕೆಲಸ. ಲೇಥ್ ಮುಂದೆ ವರ್ಷಗಟ್ಟಲೆ ಕುಳಿತು ಭುಜ ಹಿಡಿದುಕೊಂಡ ಮೇಲೆ, ಯಾರಿಗೂ ಬೇಡವಾಗಿದ್ದ ಇದು ಅವರ ಪಾಲಿಗೆ ಬಂತು. ಆಲೆಮರದ ಹಲಗೆ ಕೊಯ್ದು, ಉಪ್ಪುಕಾಗದದಲ್ಲಿ ಉಜ್ಜಿ, ಮಕ್ಕಳು ಆಕಾರ ಕಲಿಯುವ ಬಿಲ್ಲೆ ಮಾಡುತ್ತಾರೆ. ಪಕ್ಕದವರು ಬುಟ್ಟಿ ತುಂಬ ಬುಗುರಿ ಇಳಿಸುವ ಹೊತ್ತಿಗೆ ಇವರ ಮುಂದೆ ಒಂದು ಹಿಡಿ ಬಿಲ್ಲೆ.

ಈ ಸಲದವು ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ. ಎದುರುಬದುರಿನ ಬದಿಗಳು ಸಮಾನಾಂತರವಾಗಿದ್ದರೆ ಎರಡಕ್ಕೂ ಒಂದೇ ಬಗೆಯ ಗೀರು ಹಾಕಬೇಕು. ಚೌಕಕ್ಕೆ ನಾಲ್ಕೂ ಬದಿಗೆ ಬರುತ್ತದೆ. ತಲೆ ಕಿರಿದಾಗಿ ಬುಡ ಅಗಲವಾದ ತ್ರಾಪಿಜ್ಯಕ್ಕೆ ಮೇಲೆ, ಕೆಳಗೆ ಮಾತ್ರ. ಓರೆ ಬದಿಗಳು ನುಣ್ಣಗಿರಬೇಕು. ಲತಾಮಣಿಯ ಬೆರಳು ನಿಂತದ್ದು ಆ ಓರೆ ಬದಿಯ ಮೇಲೆ. ಅಲ್ಲೂ ಗೀರು.

ನಿನ್ನೆ ಸಂಜೆ ಗೀರು ಹಾಕಲು ಕೈಜೋಡಿಸಿದ್ದವರು ಹಿರಿಯ ಕೆಲಸಗಾರ ಅಂಕಯ್ಯ.

"ಬುಗುರಿಗೆ ಸುತ್ತ ಗೆರೆ ಎಳ್ದು ಎಳ್ದು ಕೈಗೆ ಅದೇ ರೂಢಿ ಕಣವ್ವ," ಎನ್ನುತ್ತಾರೆ ಅವರು. "ಒಂದು ಗೀರು ಹೆಚ್ಚಾದ್ರೆ ಅಂದವೇ ಅಲ್ವಾ? ಯಾರ್ ನೋಡ್ತಾರೆ, ಬುಡು."

"ಯಾರೂ ನೋಡಲ್ಲ ಅಂತ್ಲೇ ಅಲ್ವಾ ಅಣ್ಣ ಗೀರು ಹಾಕೋದು. ಕಣ್ ಮುಚ್ಕೊಂಡು ಒಸಿ ಮುಟ್ಟು. ಏನ್ ಹೇಳ್ತೈತೆ?"

ಅಂಕಯ್ಯ ಮುಟ್ಟುತ್ತಾರೆ. "ನಾಕೂ ಬದಿ ಜೋಡಿಜೋಡಿ ಅಂತೈತೆ, ಚೌಕದಂಗೆ."

"ಈ ಎರಡು ಬದಿ ಮುಂದಕ್ಕೆ ಎಳ್ಕಂಡೋದ್ರೆ ಒಂದ್ಕಡೆ ಕೂಡ್ಬುಡ್ತವೆ. ಅವುಕ್ಕೆ ಜೋಡಿ ಗೀರು ಎಲ್ಲಿಂದ ಬಂತು?"

ಅಂಕಯ್ಯ ಆ ಬಿಲ್ಲೆ ಕೆಳಗಿಟ್ಟು ಇನ್ನೊಂದನ್ನು ಮುಟ್ಟಿ ನೋಡುತ್ತಾರೆ.

ಶೆಡ್ಡಿನ ಯಜಮಾನ ಸಮೀವುಲ್ಲಾ ಬರುತ್ತಾರೆ. ವ್ಯಾನು ಹತ್ತಕ್ಕೆ. ಇವತ್ತು ತಪ್ಪಿದರೆ ಶಾಲೆಯವರು ಬೇರೆ ಕಡೆ ನೋಡಿಕೊಳ್ಳುತ್ತಾರೆ. ಆಮೇಲೆ ಈ ಕಿಟಕಿ ಬುಡದ ಕೆಲಸವೂ ಇರುವುದಿಲ್ಲ.

"ಆ ಗೀರಿಗೆ ಅರಗು ತುಂಬಿ ಮುಚ್ಚಿಬಿಡಿ, ಲತಮ್ಮ."

"ಆಡ್ತಾ ಆಡ್ತಾ ಉದುರೋಯ್ತದೆ ಸಾಹೇಬ್ರೆ. ಉಜ್ಜಿ ಅಳಿಸಿದ್ರೆ ಬಿಲ್ಲೆ ಸಣ್ಣಗಾಗಿ, ಅದನ್ನ ಕೂರಿಸೋ ಹಲಗೆ ಗುಳಿಲಿ ಅಲ್ಲಾಡ್ತದೆ. ಹೊಸದೇ ಕೊಯ್ಬೇಕು."

"ಟೈಮ್ ಎಲ್ಲೈತೆ?"

"ಮಾತಾಡ್ತಾ ನಿಂತ್ರೆ ಇರಕಿಲ್ಲ."

ಲತಾಮಣಿ ಕೊಯ್ಯುತ್ತಾರೆ, ಅಂಕಯ್ಯ ಉಜ್ಜುತ್ತಾರೆ. ಗೀರು ಹಾಕುವ ಅರವನ್ನು ಮಾತ್ರ ಅವರ ಕೈಗೆ ಕೊಡುವುದಿಲ್ಲ. "ನಂಬ್ಕೆ ಇಲ್ವಾ?" ಎಂದರೆ, "ನಿನ್ ಮೇಲೈತೆ, ನಿನ್ ಕೈ ಮೇಲಿಲ್ಲ," ಎಂಬ ಉತ್ತರ. ಟೀ ಆರಿ ಕೆನೆಗಟ್ಟುತ್ತದೆ. ಹೊರಗೆ ವ್ಯಾನಿನ ಹಾರ್ನು. ಸಮೀವುಲ್ಲಾ ಹೋಗಿ ಡ್ರೈವರನನ್ನು ಮಾತಿಗೆಳೆದು ನಿಲ್ಲಿಸಿಕೊಳ್ಳುತ್ತಾರೆ.

ಕೊನೆಯ ಬಿಲ್ಲೆಯನ್ನು ಲತಾಮಣಿ ಕಣ್ಣು ಮುಚ್ಚಿ ಸುತ್ತಲೂ ಮುಟ್ಟಿ ನೋಡುತ್ತಾರೆ. ಗೀರು, ನುಣುಪು, ಗೀರು, ನುಣುಪು. ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತುತ್ತಾರೆ.

"ಇದ್ರಲ್ಲಿ ಸುಳ್ಳಿಲ್ಲ. ತಕಂಡೋಗ್ಲಿ."