ಅಂಚು ಸೇರಿಸದ ಅಳತೆ

ತಗಡಿನ ಕೆಲಸದವನಿಗೆ ಬೀದಿಯವರು ಬೆಂಕಿಕಡ್ಡಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದರೆ ಹೆಸರು ನಿಜವಾಗಿಬಿಡುತ್ತಿತ್ತು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಗೋಡೆ ತುಂಬ ಮೊಳೆ, ಮೊಳೆಗೊಂದು ಮಾದರಿ. ಹಳೆ ತಗಡಿನಲ್ಲಿ ಕತ್ತರಿಸಿಟ್ಟ ಆಕಾರಗಳು ಅವು. ಆಲಿಕೆಗೊಂದು, ಬಕೆಟ್ಟಿಗೊಂದು, ಹೊಗೆ ಕೊಳವೆ ತಿರುಗುವ ಜಾಗಕ್ಕೊಂದು. ಹೊಸ ತಗಡಿನ ಮೇಲೆ ಮಾದರಿ ಇಡುವುದು, ಸುತ್ತ ಗೀಚುವುದು, ಗೀಟಿನ ಮೇಲೆ ಕತ್ತರಿಸುವುದು, ಅಂಚು ಮಡಿಚಿ ಒಂದಕ್ಕೊಂದು ಸಿಕ್ಕಿಸಿ ಬಡಿಯುವುದು. ಮಡಿಕೆಗೆ ಹೋಗುವಷ್ಟು ತಗಡು ಮಾದರಿಯಲ್ಲೇ ಸೇರಿತ್ತು. ಅವನ ಅಪ್ಪ ಎಂದೋ ಸೇರಿಸಿಟ್ಟದ್ದು. ಮೂವತ್ತು ವರ್ಷದಲ್ಲಿ ಇವನು ಅದರ ಬಗ್ಗೆ ಒಂದು ಸಲವೂ ತಲೆ ಕೆಡಿಸಿಕೊಂಡಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದ ಮೇಲೆ ಆಸೆ. ಚಿಕ್ಕವಳಿದ್ದಾಗ ಅಮ್ಮನ ಜೊತೆ ಹೋಗಿ, ಅಲ್ಲಿದ್ದ ಹೆಂಗಸು ದಯೆ ತೋರಿದ್ದರಿಂದ ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣಿಟ್ಟು ನೋಡಿದ್ದಳು. ಅವತ್ತೇ ಅಂಟಿದ ಹುಚ್ಚು. ಆ ಕೆಲಸದ ತರಬೇತಿಗೆ ಸೇರಬೇಕಾದರೆ ವಿಜ್ಞಾನ, ಗಣಿತ ಎರಡೂ ಪಾಸಾಗಿರಬೇಕು. ವಿಜ್ಞಾನವನ್ನು ಏದುಸಿರು ಬಿಡುತ್ತ ದಾಟಿದಳು. ಗಣಿತ ಎರಡು ಸಲ ಕೈಕೊಟ್ಟಿತು.

ಗಣಿತ ಅವಳ ತಲೆಗೆ ಹತ್ತುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ. ಬೇರೆ ಮಕ್ಕಳಿಗೆ ಹತ್ತು ನಿಮಿಷ ಸಾಕಾದ ಲೆಕ್ಕಕ್ಕೆ ಇವಳು ಒಂದು ಗಂಟೆ ಕೂರಬೇಕು. ಹಳೆ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಒಂದೊಂದು ಲೆಕ್ಕವನ್ನೂ ನಾಲ್ಕು ಸಲ ಮಾಡುವಳು. ನಾಲ್ಕೂ ಸಲ ಒಂದೇ ಉತ್ತರ ಬಂದರೆ ಮಾತ್ರ ಕೆಳಗೆ ಗೆರೆ ಎಳೆಯುವಳು. ಪರೀಕ್ಷೆಯಲ್ಲಿ ನಾಲ್ಕು ಸಲ ಮಾಡಲು ಹೊತ್ತೆಲ್ಲಿ? ಅರ್ಧ ಪ್ರಶ್ನೆಪತ್ರಿಕೆ ಹಾಗೇ ಉಳಿದುಹೋಗುತ್ತಿತ್ತು.

ಟ್ಯೂಷನ್ ಮೇಷ್ಟ್ರು ಅಂಗಡಿಗೇ ಬಂದು ಹೇಳಿಹೋಗಿದ್ದರು: "ಹುಡುಗಿ ಒಳ್ಳೇಳು ಕಣಯ್ಯ. ಆದ್ರೆ ಗಣಿತಕ್ಕೆ ಹುಟ್ಟಿದ ತಲೆ ಅಲ್ಲ ಅದು. ಸುಮ್ನೆ ಯಾಕೆ ಹಿಂಸೆ?"

ಹುಟ್ಟಿದ ತಲೆಯಂತೆ! ಕತ್ತರಿ ಹಿಡಿದುಕೊಂಡು ಯಾರಾದರೂ ಹುಟ್ಟುತ್ತಾರೆಯೇ? ಇವನ ಎಡಗೈಯ ಗಾಯದ ಗುರುತು ಎಣಿಸಿದ್ದರೆ ಮೇಷ್ಟ್ರಿಗೆ ಗೊತ್ತಾಗುತ್ತಿತ್ತು. ಆದರೆ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಮೇಷ್ಟ್ರ ಮಾತಿಗೆ ತಲೆ ಅಲ್ಲಾಡಿಸಿಬಿಟ್ಟ.

"ಇನ್ನೊಂದೇ ಒಂದ್ಸಲ ಅಪ್ಪ," ಎಂದಳು ಮಗಳು. "ಹಳೇ ಸಿಲಬಸ್‌ಗೆ ಇದೇ ಕೊನೇ ಪರೀಕ್ಷೆ. ಇದು ಬಿಟ್ರೆ ಮತ್ತೆ ಮೊದಲಿಂದ ಎಲ್ಲಾ ಓದ್ಬೇಕು, ವಿಜ್ಞಾನಾನೂ."

"ಕಟ್ಟು, ಕಟ್ಟು. ಆಮೇಲೆ ಮಾತ್ರ ನನ್ನ ಹತ್ರ ಗಣಿತ ಅನ್ನೋ ಪದ ಎತ್ತಬೇಡ," ಎಂದ. ಅರ್ಜಿ ಕೊಡಲು ಶನಿವಾರ ಕೊನೆಯ ದಿನ.

ಆ ವಾರವೇ ಹಿಟ್ಟಿನ ಗಿರಣಿಯ ಯಜಮಾನ ಬಂದ. ಮಿಷನ್ನಿಗೆ ಕಾಳು ಸುರಿಯುವ ದೊಡ್ಡ ಆಲಿಕೆ ಬೇಕಿತ್ತು. ಮೇಲೆ ಚೌಕ ಬಾಯಿ, ಕೆಳಗೆ ದುಂಡು ಬಾಯಿ. ಸಾಲದ್ದಕ್ಕೆ, ನಡುವೆ ಒಂದು ಕಂಬ ಅಡ್ಡ ಬರುವುದರಿಂದ ಕೆಳಗಿನ ಬಾಯಿ ಒಂದು ಪಕ್ಕಕ್ಕೆ ಸರಿದಿರಬೇಕು. ಅಂಥದ್ದಕ್ಕೆ ಗೋಡೆಯ ಮೇಲೆ ಮಾದರಿ ಇರಲಿಲ್ಲ. ಕಣ್ಣಳತೆಯಲ್ಲಿ ಕತ್ತರಿಸಿ ಎರಡು ತಗಡು ಹಾಳು ಮಾಡಿದ ಬೆಂಕಿಕಡ್ಡಿ, ತಗಡನ್ನು, ಗಿರಣಿಯನ್ನು, ಕಂಬ ನಿಲ್ಲಿಸಿದವನ ಅಪ್ಪ ಅಜ್ಜಂದಿರನ್ನು ಸೇರಿಸಿ ಬೈದ.

"ಅಪ್ಪ, ನಾನೊಂದ್ಸಲ ನೋಡ್ಲಾ?"

"ನೀನಾ? ಪಾಸಾದೋರೇ ಬೀದೀಲಿ ಅಲೀತಿದ್ದಾರೆ..." ಎಂದವನು ತಡೆದು, "ನೋಡು, ಅದೇನ್ ನೋಡ್ತೀಯೋ," ಎಂದ.

ಮೂರು ಮಧ್ಯಾಹ್ನ ಅವಳು ನೆಲದ ಮೇಲೆ ಕಂದು ಕಾಗದ ಹಾಸಿ ಮಂಡಿಯೂರಿ ಕೂತಳು. ದುಂಡು ಬಾಯಿಯನ್ನು ಹನ್ನೆರಡು ಪಾಲು ಮಾಡಿದಳು. ಒಂದೊಂದು ಪಾಲಿನಿಂದ ಚೌಕದ ಮೂಲೆಗೆ ಎಷ್ಟು ಉದ್ದವೆಂದು ಲೆಕ್ಕ ಹಾಕಿ, ಅಳೆದು, ಅಳಿಸಿ, ಮತ್ತೆ ಹಾಕಿದಳು. ಅವಳ ಅಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ, "ಅಪ್ಪನ ಹಟ, ಅಪ್ಪನದೇ ಮೂತಿ," ಎಂದು ಗೊಣಗಿದಳು. ಮೂರನೆಯ ದಿನ ಕಾಗದದ ಮೇಲೆ ಬಾಗಿದ ಗೆರೆಯೊಂದು ಮೂಡಿತು. ತಟ್ಟೆಯಂಚಿನಷ್ಟು ನುಣುಪು. ಮಗಳ ಮುಖದಲ್ಲಿ ಅಂಥ ಬೆಳಕನ್ನು ಅವನು ಎಂದೂ ಕಂಡಿರಲಿಲ್ಲ.

ಅವನು ಆ ಕಾಗದವನ್ನು ತಗಡಿನ ಮೇಲಿಟ್ಟ. ಸುತ್ತ ಗೀಚಿದ. ಗೀಟಿನ ಮೇಲೆ ಕತ್ತರಿಸಿದ. ಅಂಚು ಮಡಿಚಿ ಬಡಿದ.

ಗಿರಣಿಯಲ್ಲಿ ಆಲಿಕೆ ಮಿಷನ್ನಿನ ಕೊಳವೆಯ ಮೇಲೆ ಕೂರಲಿಲ್ಲ. ಬಾಯಿ ಕಿರಿದು. ತಿರುಗಿಸಿದ, ಒತ್ತಿದ, ಗುದ್ದಿದ. ಮೂಟೆ ಹೊರುವವರು ಕೆಲಸ ಬಿಟ್ಟು ನಿಂತು ನೋಡಿದರು.

"ಏನಯ್ಯಾ, ಮಗಳ ಲೆಕ್ಕ ಅಂತೆ?" ಎಂದು ಯಜಮಾನ ನಕ್ಕ. "ಎರಡು ಸಲ ಫೇಲಾದೋಳ ಕೈಗೆ ನನ್ನ ಮಿಷನ್ ಕೊಟ್ಯಾ? ಮೂರನೇ ಸಲ ಇಲ್ಲೇ ಫೇಲ್ ಮಾಡಿಸ್ದೆ ಬಿಡು."

ಎಲ್ಲರೂ ನಕ್ಕರು. ಬೆಂಕಿಕಡ್ಡಿ ಆಲಿಕೆಯನ್ನು ಹೆಗಲ ಮೇಲೆ ಹೊತ್ತು ನಡು ಬೀದಿಯಲ್ಲಿ ವಾಪಸು ಬಂದ. ಬಾಗಿಲಲ್ಲೇ ಅದನ್ನು ಎಸೆದ ಸದ್ದಿಗೆ ಮಗಳು ಓಡಿಬಂದಳು.

"ನೋಡು! ನೋಡು ನಿನ್ನ ಗಣಿತಾನ! ಮೇಷ್ಟ್ರು ಹೇಳಿದ್ದೇ ನಿಜ. ತಲೇಲಿ ಇಲ್ದೇ ಇರೋದನ್ನ ಉಜ್ಜಿ ಉಜ್ಜಿ ತರ್ತೀನಿ ಅಂತಾಳೆ. ನಾಲ್ಕ್ ಜನದ ಮುಂದೆ ನನ್ನ ಮಾನ ತೆಗೆದ್ಯಲ್ಲೇ! ಸಾಕು ಮಾಡು ಇನ್ನು."

ಅವಳು ಬಗ್ಗಿ ಆಲಿಕೆಯ ಬಾಯಿಯನ್ನು ಒಮ್ಮೆ ಮುಟ್ಟಿದಳು. "ಸರಿ ಅಪ್ಪ," ಎಂದಳು. ಒಳಗೆ ಹೋದಳು.

ಶನಿವಾರ ಬಂತು, ಹೋಯಿತು. ಕೋಪ ಇಳಿದಿದ್ದರೂ ಅವನು ಕೇಳಲಿಲ್ಲ. ಅರ್ಜಿ ಕೊಟ್ಟಿರುತ್ತಾಳೆ, ಹಟಮಾರಿ ಹುಡುಗಿ, ಎಂದುಕೊಂಡ.

ಎರಡು ವಾರ ಕಳೆದ ಮೇಲೆ ಆ ಆಲಿಕೆಯನ್ನೇ ಬಿಚ್ಚಿ, ಕಸ ಎತ್ತುವ ಮೊರಗಳನ್ನಾದರೂ ಮಾಡೋಣವೆಂದು ಕೂತ. ಮಡಿಕೆಗಳನ್ನು ಉಳಿಯಿಂದ ಎಬ್ಬಿಸಿ, ತಗಡನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಅಳತೆಗೆಂದು ಮಗಳ ಕಾಗದವನ್ನು ಅದರ ಮೇಲೆ ಹಾಸಿದ. ಗೆರೆಗೆ ಗೆರೆ ಸರಿಯಾಗಿ ಕೂತಿತು. ಎರಡು ಕಡೆಯ ಅಂಚಿನಲ್ಲಿ ಮಡಿಕೆಯ ಗುರುತು ಗೆರೆಯ ಒಳಗೆ ಇತ್ತು.

ಸುತ್ತಿಗೆ ಕೈಯಲ್ಲೇ ನಿಂತಿತು. ಅವಳು ಕೊಟ್ಟದ್ದು ಬಾಯಿಯ ನಿಜವಾದ ಅಳತೆ. ಮಡಿಕೆಗೆ ಬೇಕಾದ ಅಂಚನ್ನು ಕತ್ತರಿಸುವಾಗ ಗೆರೆಯ ಹೊರಗೆ ತಾನೇ ಬಿಡಬೇಕಾಗಿತ್ತು. ಗೋಡೆಯ ಮಾದರಿಯಂತೆ ಇದರಲ್ಲೂ ಅಂಚು ಸೇರಿದೆ ಎಂದುಕೊಂಡು ಗೀಟಿನ ಮೇಲೇ ಕತ್ತರಿಸಿದ್ದ. ಮಡಿಕೆ ನುಂಗಿದ್ದು ಅವಳ ಅಳತೆಯನ್ನು. ಮಾದರಿಗಳನ್ನೇ ನಂಬಿಕೊಂಡ ತಗಡಿನ ಕೆಲಸದವನಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ.

ಮಗಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು.

"ನಿನ್ನ ಲೆಕ್ಕ ಸರಿ ಇತ್ತು ಕಣೆ. ಅಂಚು ಬಿಡದೆ ಕತ್ತರಿಸಿದ್ದು ನಾನು. ಅವತ್ತೇ ಯಾಕೆ ಜಗಳ ಆಡ್ಲಿಲ್ಲ ನೀನು?"

"ನಂಗೆ ಗೊತ್ತಿರ್ಲಿಲ್ಲ ಅಪ್ಪ. ಮತ್ತೆ ನಾಲ್ಕು ಸಲ ಮಾಡಿ ನೋಡ್ದೆ. ನಾಲ್ಕು ಸಲಾನೂ ಅದೇ ಬಂತು." ಅವಳು ಒದ್ದೆ ಅಂಗಿಯೊಂದನ್ನು ಕೊಡವಿದಳು. "ತಪ್ಪು ಎಲ್ಲಿದೆ ಅಂತ ಹುಡುಕೋಕೂ ಬರದೇ ಇರೋಳು ಪರೀಕ್ಷೆಗೆ ಕೂತು ಏನ್ ಮಾಡ್ಲಿ? ಅರ್ಜಿ ಕೊಡ್ಲಿಲ್ಲ."

ಅವನು ಕೈ ತೊಳೆಯದೆ ಶಾಲೆಯ ಕಚೇರಿಗೆ ಓಡಿದ. ಗುಮಾಸ್ತ ಕಿಟಕಿಯ ಒಳಗಿನಿಂದಲೇ, ತಲೆ ಎತ್ತದೆ, "ದಿನ ಮುಗೀತು," ಎಂದ. ಇವನು ಕೂಗಾಡಿದ. ಆಮೇಲೆ ಕೈಮುಗಿದ. ಯಾರ ಮುಂದೆಯೂ ಮುಗಿಯದ ಕೈ. "ಹಳೇದು ಮುಗೀತು ಕಣ್ರೀ, ನಾನೇನ್ ಮಾಡ್ಲಿ? ಹೊಸದಕ್ಕೆ ಮೊದಲಿಂದ ಸೇರಿಸಿ," ಎಂದು ಗುಮಾಸ್ತ ಕಿಟಕಿ ಎಳೆದುಕೊಂಡ.

ಮೊದಲಿಂದ ಸೇರಲು ಅವಳು ಒಪ್ಪಲಿಲ್ಲ. ಸೋಪಿನ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುವ ಕೆಲಸ ಹಿಡಿದಳು. ಅವನು ಅದೇ ಕಾಗದದ ಗೆರೆಗೆ ಅಂಚು ಸೇರಿಸಿ ಗಿರಣಿಗೆ ಹೊಸ ಆಲಿಕೆ ಮಾಡಿ ಕೊಟ್ಟ. ಕೊಳವೆಯ ಮೇಲೆ ಅದು ಮುಚ್ಚಳದಂತೆ ಕೂತಿತು. ಮೂಟೆ ಹೊರುವವರೆಲ್ಲ ಕೇಳುವ ಹಾಗೆ, "ನನ್ನ ಮಗಳ ಲೆಕ್ಕ ಇದು! ಅವತ್ತು ಕತ್ತೆಯಾಗಿದ್ದು ನಾನು!" ಎಂದು ಕೂಗಿದ. ಅವರು ತಲೆ ಅಲ್ಲಾಡಿಸಿ ಮೂಟೆ ಎತ್ತಿಕೊಂಡರು.

ಈಗಲೂ ಮಾದರಿ ಇಲ್ಲದ ಕೆಲಸ ಬಂದರೆ ಅವನು ಮಗಳ ರಜೆಯ ದಿನಕ್ಕೆ ಕಾಯುತ್ತಾನೆ. ಅವಳು ಇಲ್ಲ ಎನ್ನುವುದಿಲ್ಲ. ಕಾಗದ ಹಾಸಿ ಕೂರುತ್ತಾಳೆ, ನಾಲ್ಕು ಸಲ ಮಾಡುತ್ತಾಳೆ. ಆಮೇಲೆ ಅದನ್ನು ಅಪ್ಪನ ಕಡೆ ಸರಿಸಿ, "ನೀನೊಂದ್ಸಲ ನೋಡಪ್ಪ. ತಪ್ಪಿರುತ್ತೆ," ಎನ್ನುತ್ತಾಳೆ.

ಅದರಲ್ಲಿ ಒಂದು ಸಾಲೂ ಅರ್ಥವಾಗದ ಅವನು ಬೆರಳಿಟ್ಟುಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡುತ್ತಾನೆ. "ಸರಿ ಇದೆ," ಎನ್ನುತ್ತಾನೆ. "ಎಲ್ಲಾ ಸರಿ ಇದೆ ಕಣಮ್ಮ."

ಅವಳು ಅಷ್ಟರಲ್ಲೇ ಎದ್ದು ಹೋಗಿರುತ್ತಾಳೆ.